ಗೌರಿ ಬಾಗಿನದೊಳಗಿನ ಮಾತ್ರೆ

೨೦೦೯ರ ಧನುರ್ಮಾಸದ ಒಂದು ಭಾನುವಾರ. ಪೊಂಗಲ್ ಇನ್ನೂ ಎಲೆಗೆ ಬಿದ್ದಿರಲಿಲ್ಲ. ನಮ್ಮ ಮನೆಯ ಗೇಟು ಧಡಾರನೆ ಬಡಿದುಕೊಂಡಿತು. ಗೇಟನ್ನು ಸದ್ದಿಲ್ಲದೆ ತೆರೆಯುವುದು ಸಂಸ್ಕಾರದ ಮೊದಲ ಪಾಠವೆಂದು ಸೇವೆಯಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ಹೇಳಿದವನು ನಾನು. ಗದರಿಸಲೆಂದೇ ಎದ್ದೆ. ಬಂದವಳು ಶ್ಯಾಮಲಾ.

ಇದೇ ಅರಸೀಕೆರೆಯ ಹೈಸ್ಕೂಲಿನಲ್ಲಿ ನನ್ನ ಬಳಿ ವಿಜ್ಞಾನ ಕಲಿತ ಹುಡುಗಿ ಅವಳು. ಈಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನನ್ನ ಹೆಂಡತಿ ಕೋಮಲವಲ್ಲಿಯ ಎದೆಯಲ್ಲಿದ್ದ ಗಂಟನ್ನು ಅದೇ ಆಸ್ಪತ್ರೆಯಲ್ಲಿ ಸೆಪ್ಟೆಂಬರಿನಲ್ಲಿ ತೆಗೆದಿದ್ದರು. ಹೀಗಾಗಿ ಆ ಹುಡುಗಿಯ ಮುಖ ಕಂಡೊಡನೆ ಗದರುವುದನ್ನು ಮರೆತು ಕೇಳಿದೆ.

"ಏನಮ್ಮಾ, ವರದಿ ಏನಾದರೂ ಕೆಟ್ಟದಾಗಿ ಬಂತೇ?"

"ಕೆಟ್ಟದ್ದಲ್ಲ ಸರ್. ಒಳ್ಳೇದು. ಎಷ್ಟು ಒಳ್ಳೇದು ಅಂದ್ರೆ, ಹಾಗೆ ಬರೋಕೆ ಸಾಧ್ಯವೇ ಇಲ್ಲ. ಅದಕ್ಕೇ ಸಿಕ್ಕಿದ ರೈಲು ಹತ್ತಿಬಿಟ್ಟೆ. ಅಮ್ಮ ಎಲ್ಲಿ?"

ಕೋಮಲವಲ್ಲಿ ಅಡುಗೆಮನೆಯಿಂದ ಬಂದಳು. ಔಷಧಿಯ ಡ್ರಿಪ್ಪಿನಿಂದ ಕೂದಲೆಲ್ಲ ಉದುರಿ, ತಲೆಯ ಮೇಲೆ ಸೆರಗು ಹೊದೆಯುವುದು ಈಚೆಗೆ ಅವಳಿಗೆ ರೂಢಿಯಾಗಿತ್ತು. "ಬಾರೇ ಶ್ಯಾಮಲಾ. ಮೊದಲು ಪೊಂಗಲ್ ತಿನ್ನು, ಆಮೇಲೆ ಒಳ್ಳೇದು ಕೆಟ್ಟದ್ದು" ಎಂದಳು.

ಶ್ಯಾಮಲಾ ಪೊಂಗಲ್ ಕಡೆ ನೋಡಲೂ ಇಲ್ಲ. ಚೀಲದಿಂದ ಎರಡು ದೊಡ್ಡ ಫೋಟೋ ತೆಗೆದು ಮೇಜಿನ ಮೇಲೆ ಹರಡಿದಳು. ಅವನ್ನು ಕಂಡು ನನಗಾದ ರೋಮಾಂಚನವನ್ನು ಹೇಳುವ ಮೊದಲು ಆಕೆಯ ಕೆಲಸವೇನೆಂಬುದನ್ನು ಹೇಳಬೇಕು.

ಸಕ್ಕರೆ ಕಾಯಿಲೆಯವರು ದಿನವೂ ನುಂಗುವ ಮೆಟ್‌ಫಾರ್ಮಿನ್ ಎಂಬ ಮಾತ್ರೆಯೊಂದಿದೆ. ಯಾವ ಊರಿನ ಮೆಡಿಕಲ್ ಸ್ಟೋರಿನಲ್ಲೂ ಅಗ್ಗಕ್ಕೆ ಸಿಗುತ್ತದೆ. ಅದನ್ನು ನುಂಗುವವರಲ್ಲಿ ಕ್ಯಾನ್ಸರ್ ತುಸು ಕಡಿಮೆ ಇರಬಹುದೇ ಎಂಬ ಅನುಮಾನ ಕೆಲವು ವರ್ಷಗಳಿಂದ ವೈದ್ಯರಲ್ಲಿ ಎದ್ದಿತ್ತು. ಶ್ಯಾಮಲಾಳ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ನಮ್ಮ ರಕ್ತದಲ್ಲಿ ರೋಗದೊಡನೆ ಹೋರಾಡುವ ಕಾವಲು ಕೋಶಗಳಿರುತ್ತವೆಯಷ್ಟೆ. ಕ್ಯಾನ್ಸರಿನ ಗಂಟು ಅವನ್ನು ಹೇಗೋ ಮಂಕುಮಾಡಿ ಹೊರಗೇ ನಿಲ್ಲಿಸುತ್ತದೆ. ಈ ಸಕ್ಕರೆ ಮಾತ್ರೆ ಆ ಕಾವಲುಗಾರರನ್ನು ಎಚ್ಚರಿಸಿ ಗಂಟಿನೊಳಕ್ಕೆ ನುಗ್ಗಿಸಬಲ್ಲುದೇ?

ಇದನ್ನು ತಿಳಿಯಲು, ಶಸ್ತ್ರಚಿಕಿತ್ಸೆಗೆ ಸರದಿ ಕಾಯುತ್ತಿದ್ದ, ಸಕ್ಕರೆ ಕಾಯಿಲೆ ಇಲ್ಲದ ಹೆಂಗಸರನ್ನು ಕೇಳಿ, ಒಪ್ಪಿದವರ ಹೆಸರಿನಲ್ಲಿ ಚೀಟಿ ಎತ್ತಿದ್ದರು. ಅರ್ಧದಷ್ಟು ಜನರಿಗೆ ಮಾತ್ರೆ. ಉಳಿದರ್ಧಕ್ಕೆ ಏನೂ ಇಲ್ಲ. ಕಾಯಿಲೆ ಪತ್ತೆಮಾಡಲು ಮೊದಲು ಸೂಜಿಯಿಂದ ತೆಗೆದ ಚೂರನ್ನೂ ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟನ್ನೂ ತೆಳ್ಳಗೆ ಕೊಯ್ದು ಗಾಜಿನ ಪಟ್ಟಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡುವುದು ಶ್ಯಾಮಲಾಳ ಕೆಲಸ.

ಚೀಟಿ ಎತ್ತುವುದನ್ನು ಕಂಡು ನಾನು ಆಗಲೇ ಸಿಡಿದೆದ್ದಿದ್ದೆ. ರೋಗಿಗೆ ಔಷಧಿ ಕೊಡುವುದು ಸಂತೆಯ ಲಾಟರಿಯೇ? ಆಗ ಅವಳು ನನ್ನ ವಿದ್ಯೆಯನ್ನೇ ನನಗೆ ತಿರುಗಿಸಿದ್ದಳು: "ಸರ್, ಇದರಿಂದ ಗುಣ ಆಗತ್ತೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಸೂಜಿ ಚುಚ್ಚಿದ ಗಾಯಕ್ಕೇ ಕಾವಲು ಕೋಶ ಓಡಿ ಬರಬಹುದು. ಮಾತ್ರೆ ತಿನ್ನದೋರು ಇಲ್ಲದಿದ್ರೆ ಯಾವುದು ಸೂಜಿಯಿಂದ, ಯಾವುದು ಮಾತ್ರೆಯಿಂದ ಅಂತ ಹೇಗೆ ಹೇಳೋದು? ಪಬ್ಲಿಕ್ ಪರೀಕ್ಷೇಲಿ ನೀವು ಹೆಸರು ನೋಡಿ ಅಂಕ ಕೊಡ್ತಿದ್ರಾ? ನಾನೂ ಗಾಜಿನ ಮೇಲೆ ಬರೀ ಸಂಖ್ಯೆ ನೋಡಿ ಲೆಕ್ಕ ಹಾಕ್ತೀನಿ. ಯಾರದ್ದು ಅಂತ ಕಡೇಲಿ ತೆಗೆದು ನೋಡೋದು." ನನ್ನ ಬಾಯಿ ಕಟ್ಟಿತ್ತು. ಶಿಷ್ಯೆಯ ಮಾತಿನಿಂದ ಬಾಯಿ ಕಟ್ಟುವುದಕ್ಕಿಂತ ದೊಡ್ಡ ಸುಖ ಮೇಷ್ಟರಿಗೆ ಬೇರೆ ಯಾವುದಿದೆ!

ಆ ಚೀಟಿಯಲ್ಲಿ ಕೋಮಲವಲ್ಲಿಗೆ ಮಾತ್ರೆ ಬಂದಿರಲಿಲ್ಲ. ಅದೇ ರೈಲಿನಲ್ಲಿ, ಅದೇ ಕಾಯಿಲೆಗೆ, ಅದೇ ಆಸ್ಪತ್ರೆಗೆ ಬಾಣಾವರದ ಕಡೆಯಿಂದ ಬರುತ್ತಿದ್ದ ಪುಟ್ಟಲಕ್ಷ್ಮಮ್ಮನಿಗೆ ಬಂದಿತ್ತು.

ಈಗ ಫೋಟೋಗಳಿಗೆ ಬರುತ್ತೇನೆ. ನೇರಳೆ ಬಣ್ಣದ ಗಂಟು, ಅದರ ಅಂಚಿನಲ್ಲಿ ಕಂದು ಬಣ್ಣದ ಚುಕ್ಕೆಗಳು. "ಕಂದು ಬಣ್ಣದವೇ ಕಾವಲು ಕೋಶ" ಎಂದು ಶ್ಯಾಮಲಾ ಮೊದಲನೆಯದರ ಮೇಲೆ ಬೆರಳಿಟ್ಟಳು. "ನೋಡಿ ಸರ್. ನೀವು ಹಳೇಬೀಡಿಗೆ ಪ್ರವಾಸ ಕರ್ಕೊಂಡು ಹೋದಾಗ ತೋರಿಸ್ತಿದ್ರಲ್ಲ, ಗುಡಿಯ ಹೊರಗೋಡೆ ಸುತ್ತ ಆನೆ, ಕುದುರೆ ಸವಾರರು. ಸುತ್ತುತ್ತಲೇ ಇರೋ ಸೈನ್ಯ, ಒಂದೂ ಒಳಗೆ ಹೋಗಲ್ಲ. ಹಾಗೇ ನಿಂತಿವೆ. ಇದು ಆಗಸ್ಟಿನದು, ಸೂಜಿಯಿಂದ ತೆಗೆದ ಚೂರು. ಈಗ ಇದನ್ನ ನೋಡಿ. ಸೆಪ್ಟೆಂಬರಿನದು, ಶಸ್ತ್ರಚಿಕಿತ್ಸೇಲಿ ತೆಗೆದ ಗಂಟು."

ಎರಡನೆಯ ಫೋಟೋದಲ್ಲಿ ಗೋಡೆಯೇ ಇರಲಿಲ್ಲ. ಕಂದು ಚುಕ್ಕೆಗಳು ಸಾಲುಗಟ್ಟಿ ಒಳನುಗ್ಗಿದ್ದವು. ನೇರಳೆ ಕೋಟೆಯ ಮೂಲೆಮೂಲೆಯಲ್ಲೂ ಅವೇ. ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. "ಭೇಷ್! ಸೈನ್ಯ ಗರ್ಭಗುಡಿಗೇ ಹೋಗಿದೆಯಲ್ಲೇ! ಯಾರದಿದು?"

"ಅದೇ ಸರ್ ತಲೆನೋವು. ಅಧ್ಯಯನದಲ್ಲೆಲ್ಲ ಅತಿ ಚೆನ್ನಾಗಿರೋ ಗಾಜು ಇದು. ನಿನ್ನೆ ಹೆಸರು ತೆಗೆದು ನೋಡಿದ್ರೆ, ನಮ್ಮ ಕೋಮಲಮ್ಮನವರದು. ಮಾತ್ರೆ ತಿನ್ನದೋರು! ಮಾತ್ರೆ ತಿಂದ ಪುಟ್ಟಲಕ್ಷ್ಮಮ್ಮನವರ ಗಾಜಿನಲ್ಲಿ ಒಂದು ಚುಕ್ಕೀನೂ ಅಲ್ಲಾಡಿಲ್ಲ. ಇವೆರಡರಿಂದ ನನ್ನ ಕೋಷ್ಟಕವೇ ಬಿದ್ದುಹೋಗಿದೆ. ಮೂರು ವರ್ಷದ ಕೆಲಸ ಸರ್." ಅವಳು ಕೋಮಲವಲ್ಲಿಯ ಕಡೆ ತಿರುಗಿದಳು. "ಅಮ್ಮಾ, ಆಣೆಯಾಗಿ ಹೇಳಿ. ಆ ದಿನಗಳಲ್ಲಿ ಬೇರೆ ಏನಾದ್ರೂ ತಿಂದ್ರಾ? ಕಷಾಯ? ಆಯುರ್ವೇದದ್ದು?"

ಕೋಮಲವಲ್ಲಿ ಪೊಂಗಲ್ ಪಾತ್ರೆಯ ಮುಚ್ಚಳವನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

"ಬಾಗಿನದಲ್ಲಿ ಬಂದದ್ದು" ಎಂದಳು.

"ಏನು ಬಂದದ್ದು?"

"ಗೌರಿ ಹಬ್ಬದ ದಿನ ಪುಟ್ಟಲಕ್ಷ್ಮಮ್ಮ ಬಾಗಿನ ತಂದಿದ್ರಲ್ಲ. ಅದರೊಳಗಿತ್ತು. ಮಾತ್ರೆ."

ನನಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ನಮ್ಮ ಮನೆತನದಲ್ಲಿ ಗೌರಿ ವ್ರತವಿಲ್ಲ. ಆದರೆ ಮನೆ ಬಾಗಿಲಿಗೆ ಬಂದ ಬಾಗಿನವನ್ನು ಬೇಡವೆನ್ನುವ ಒರಟುತನವೂ ಇಲ್ಲ. ಪುಟ್ಟಲಕ್ಷ್ಮಮ್ಮ ಸೆರಗಿನ ತುದಿಯಿಂದ ಹಿಡಿದು ಕೊಟ್ಟ ಜೋಡಿ ಮೊರವನ್ನು ಕೋಮಲವಲ್ಲಿ ಸೆರಗೊಡ್ಡಿ ಪಡೆದಿದ್ದಳು. ಧಾನ್ಯ, ಬಳೆ, ಬಿಚ್ಚೋಲೆ, ರವಿಕೆ ಕಣ. ಇದ್ದದ್ದು ಇಷ್ಟೇ ಎಂದು ನಾನು ತಿಳಿದಿದ್ದೆ.

"ಅಮ್ಮಾ!" ಶ್ಯಾಮಲಾಳ ದನಿ ಒಡೆಯಿತು. "ಎಷ್ಟು ದಿನ ತಿಂದ್ರಿ?"

"ಅದರಲ್ಲಿದ್ದಷ್ಟೂ. ಬಾಗಿನದಲ್ಲಿ ಬಂದದ್ದನ್ನ ಬಿಸಾಡ್ತಾರೇನೇ? ಆಸ್ಪತ್ರೆಗೆ ಸೇರೋವರೆಗೂ ತಿಂದೆ. ಖಾಲಿ ಪಟ್ಟಿ ಅವರಿಗೇ ವಾಪಸು ಕೊಟ್ಟೆ."

ನನಗೆ ತಟ್ಟನೆ ಹೊಳೆಯಿತು. ಆ ದಿನಗಳಲ್ಲಿ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಸ್ಟೇಷನ್ನಿನಲ್ಲಿ ತಿಂದ ವಡೆಯ ಎಣ್ಣೆಯೇ ಕಾರಣವೆಂದು ನಾನು ತೀರ್ಪು ಕೊಟ್ಟು, ಕರಿದ ತಿಂಡಿಯ ಮೇಲೆ ದೀರ್ಘವಾದ ಉಪದೇಶವನ್ನೇ ಮಾಡಿದ್ದೆ. ಆ ಮಾತ್ರೆಯ ಗುಣವೇ ಅದಂತೆ.

"ಕೋಮಲಾ, ಇದು ನಕಲು! ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ಪತ್ರಿಕೆಯನ್ನೇ ತಂದು ಬರೆದ ಹಾಗೆ! ನನ್ನ ಮನೆಯಲ್ಲಿ! ಒಂದು ಮಾತು ನನಗೆ ಹೇಳಬಾರದಿತ್ತೇ?"

"ಹೇಳಿದ್ರೆ ಪ್ರಾರ್ಥನೆ ಮೈದಾನದಲ್ಲಿ ನಿಲ್ಲಿಸಿ ಭಾಷಣ ಮಾಡ್ತಿದ್ರಿ. ಈಗ ಮಾಡ್ತಿದೀರಲ್ಲ, ಹೀಗೇ."

ಶ್ಯಾಮಲಾ ನಗಲೂ ಇಲ್ಲ, ಅಳಲೂ ಇಲ್ಲ. "ನಿಮ್ಮ ಮೂತ್ರಪಿಂಡ ಸರಿ ಇಲ್ಲದೇ ಇದ್ದಿದ್ರೆ ಏನಾಗ್ತಿತ್ತು ಗೊತ್ತಾ ಅಮ್ಮಾ?" ಎಂದು ಗದರಿದಳು. ಮರುಕ್ಷಣವೇ ಎರಡೂ ಫೋಟೋಗಳನ್ನು ಎದೆಗೊತ್ತಿಕೊಂಡು ಎದ್ದು ನಿಂತಳು. "ಸರ್, ಬನ್ನಿ. ಬಾಣಾವರಕ್ಕೆ ಹೋಗೋಣ. ಪುಟ್ಟಲಕ್ಷ್ಮಮ್ಮನವರ ಬಾಯಿಂದಲೂ ಕೇಳ್ಬೇಕು. ಅವರು ಒಂದೂ ನುಂಗದೇ ಇದ್ದಿದ್ರೆ, ನನ್ನ ಪ್ರಶ್ನೆಗೆ ಉತ್ತರ ಬಂದಂಗೇ ಸರ್!"

ಪೊಂಗಲ್ ಅಲ್ಲೇ ಆರಿತು. ಕೋಮಲವಲ್ಲಿಯನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೂ ಸಿಕ್ಕ ಬಸ್ಸು ಹತ್ತಿದೆವು.

ಪುಟ್ಟಲಕ್ಷ್ಮಮ್ಮನ ಮನೆ ಬಾಣಾವರದಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ಅಂಚಿನಲ್ಲಿ. ಆಕೆಯ ಗಂಡ ಜವರಣ್ಣ ಅಟ್ಟದ ಮೇಲೆ ಕುಳಿತು ಒಂದೊಂದೇ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ. ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇರಬೇಕು. ನೀರೆಲ್ಲ ಇಂಗಿ, ಒಳಗಿನ ಗಿಟಕು ಚಿಪ್ಪು ಬಿಟ್ಟು ಲೊಡಲೊಡ ಎಂದಾಗ ಮಾತ್ರ ಒಡೆಯುವುದು. ಅವಸರಪಟ್ಟು ಒಡೆದವನಿಗೆ ಹಸಿ ಚೂರು ಸಿಗುತ್ತದೆಯೇ ಹೊರತು ಕೊಬ್ಬರಿ ಸಿಗುವುದಿಲ್ಲ.

ಶ್ಯಾಮಲಾ ಕೇಳಿದ್ದಕ್ಕೆ ಪುಟ್ಟಲಕ್ಷ್ಮಮ್ಮ ಒಂದಿಷ್ಟೂ ಅಳುಕಲಿಲ್ಲ.

"ಊಂ ಕಣವ್ವಾ, ಕೊಟ್ಟೆ. ಎರಡು ದಿನ ನುಂಗ್ದೆ, ಹೊಟ್ಟೆ ಗುಡುಗುಡು ಅಂತು. ಅಷ್ಟ್ರಲ್ಲಿ ಗೌರಿ ಬಂದ್ಲು. ಆವತ್ತು ರೈಲಲ್ಲಿ ಕೋಮಲಮ್ಮೋರು ನಂಗೆ ಚೀಟಿ ಬರ್ಲಿಲ್ಲ ಅಂತ ಕಣ್ಣೀರಾಕಿದ್ರು. ನೀವು ಓದ್ದೋರು ಪಂಕ್ತೀಲಿ ಭೇದ ಮಾಡ್ಬುಟ್ರೆ ನಾವೂ ಮಾಡಾಕಾಯ್ತದಾ? ಒಬ್ರ ಎಲೆಗಾಕಿ ಒಬ್ರ ಎಲೆ ಖಾಲಿ ಬಿಡೋದು ಯಾವ ನ್ಯಾಯ?"

"ಅರ್ಧ ನೀವಿಟ್ಕೊಂಡ್ರಾ?"

"ಬಾಗಿನಕ್ಕೆ ಅರ್ಧ ಇಕ್ತಾರಾ? ಪೂರ್ತಿ ಇಕ್ದೆ."

"ಮತ್ತೆ ಖಾಲಿ ಪಟ್ಟಿ ತಂದು ನನ್ನ ಕೈಗೆ ಕೊಟ್ರಲ್ಲ!"

"ನೀನು ಖಾಲಿ ಪಟ್ಟಿ ಕೊಡಿ ಅಂದೆ, ಕೊಟ್ಟೆ. ಯಾರು ನುಂಗಿದ್ರು ಅಂತ ಕೇಳ್ಲಿಲ್ವಲ್ಲವ್ವಾ."

ಅಟ್ಟದಿಂದ ಜವರಣ್ಣನ ದನಿ ಬಂತು. "ಏನ್ ಮೇಷ್ಟ್ರೇ, ನಮ್ಮೋಳು ಜೈಲಿಗೋಯ್ತಾಳಾ? ಮುಂಚೇನೇ ಹೇಳ್ಬುಡಿ, ಮುದ್ದೆ ತೊಳ್ಸೋದು ಕಲ್ತ್ಕಬೇಕು."

ಶ್ಯಾಮಲಾ ಅಂಗಳದಲ್ಲಿ ಒಂದು ಸುತ್ತು ತಿರುಗಿಯೇಬಿಟ್ಟಳು, ಬಹುಮಾನ ಗೆದ್ದ ಎಂಟನೇ ತರಗತಿಯ ಹುಡುಗಿಯ ಹಾಗೆ. ಮಾತ್ರೆ ತಿಂದವಳ ಗಂಟಿಗೆ ಸೈನ್ಯ ನುಗ್ಗಿದೆ. ಬಿಟ್ಟವಳ ಗಂಟು ಹಾಗೇ ಇದೆ. ಯಾವುದು ಯಾರದೆಂದು ಅರಿಯದ ಕಣ್ಣು ಅದನ್ನು ಸರಿಯಾಗಿಯೇ ಗುರುತಿಸಿದೆ! ಒಪ್ಪಿಕೊಳ್ಳುತ್ತೇನೆ, ನನಗೂ ಕುಣಿಯುವ ಹಾಗಾಗಿತ್ತು.

ಅವಳು ಅಲ್ಲಿಂದಲೇ ಮೊಬೈಲಿನಲ್ಲಿ ತನ್ನ ಮಾರ್ಗದರ್ಶಕ ಡಾಕ್ಟರ್ ಇಂದುಧರರಿಗೆ ಸುದ್ದಿ ಹೇಳಿದಳು. ಅವರು ಆ ಹೊತ್ತು ಹೊರಗಿನಿಂದ ಬಂದ ಇಬ್ಬರು ವೈದ್ಯರಿಗೆ ಬೇಲೂರು ತೋರಿಸಿ ಹಳೇಬೀಡಿಗೆ ಹೊರಟಿದ್ದರು. ಮರುದಿನವೇ ದೆಹಲಿಯ ದೊಡ್ಡ ಸಭೆಯೊಂದರಲ್ಲಿ ಈ ಅಧ್ಯಯನವನ್ನು ಅವರು ಮಂಡಿಸಬೇಕಿತ್ತು. ಫೋನಿನಲ್ಲಿ ಅವರ ಹರ್ಷ ನನಗೂ ಕೇಳಿಸಿತು: "ಎರಡು ಹೆಸರು ಅದಲುಬದಲು ಮಾಡಿ ಕೋಷ್ಟಕ ತಗೊಂಡು ಹಳೇಬೀಡಿಗೇ ಬಂದ್ಬಿಡು. ಅದ್ಭುತ ಕಣೇ ಶ್ಯಾಮಲಾ, ಅದ್ಭುತ!"

ಜವರಣ್ಣ ತನ್ನ ಕಾಯಿ ಸಾಗಿಸುವ ಚಿಕ್ಕ ಟೆಂಪೋ ತೆಗೆದ. ಪುಟ್ಟಲಕ್ಷ್ಮಮ್ಮ ಮುಂದೆ ಗಂಡನ ಪಕ್ಕ. ನಾನು, ಶ್ಯಾಮಲಾ ಹಿಂದೆ ಗೋಣಿಚೀಲಗಳ ಮೇಲೆ. ಜಾವಗಲ್ ದಾಟುವವರೆಗೂ ಶ್ಯಾಮಲಾ ಲೆಕ್ಕ ಹಾಕುತ್ತಲೇ ಇದ್ದಳು, ಗಾಳಿಗೆ ಹಾರುವ ಹಾಳೆಯನ್ನು ಮಂಡಿಯಲ್ಲಿ ಒತ್ತಿಕೊಂಡು. "ಬದಲಾಯಿಸಿದ್ರೆ ಎಷ್ಟು ಚೆನ್ನಾಗಿ ಕೂರತ್ತೆ ನೋಡಿ ಸರ್! ಮಾತ್ರೆ ಸಾಲಿನ ಚಲುವಮ್ಮ ಅನ್ನೋರ ಗಾಜಂತೂ ಎರಡನೇ ಅತ್ಯುತ್ತಮ. ತಿಂದೋರ ಸಾಲೇ ಮೇಲೆದ್ದು ನಿಲ್ಲತ್ತೆ!"

ಮುಂದಿನಿಂದ ಪುಟ್ಟಲಕ್ಷ್ಮಮ್ಮ ಹಿಂತಿರುಗಿ, ನಡುವಿನ ಕಿಂಡಿಯಲ್ಲಿ ಬಾಯಿಟ್ಟು ಕೂಗಿದಳು. "ಯಾರು, ತಿಪಟೂರ್ ಕಡೆ ಚಲುವಮ್ಮನಾ? ನನ್ನ ಪಕ್ಕದ ಮಂಚದೋಳು! ಅವ್ಳೆಲ್ಲಿ ನುಂಗಿದ್ಲು? ನಾರ್ತದೆ ಅಂತ ದಿನಾ ಹಿತ್ತಲಿಗೆ ಎಸೀತೀನಿ ಅಂದ್ಲು!"

ಶ್ಯಾಮಲಾಳ ಕೈಯಿಂದ ಪೆನ್ನು ಜಾರಿತು. ಹಳೇಬೀಡಿನ ಕೆರೆ ಕಾಣುವವರೆಗೂ ಅವಳು ಆ ಹಾಳೆಯನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು. ಅವಳೆದುರಿಗೆ ಈಗ ಎರಡು ದಾರಿಗಳಿದ್ದವು. ಕೇಳಿದ ಇಬ್ಬರ ಹೆಸರನ್ನು ಬದಲಿಸಿದರೆ ಮೂರು ವರ್ಷದ ದುಡಿಮೆಗೆ ಫಲವಿದೆ. ಎಲ್ಲರನ್ನೂ ಕೇಳಹೊರಟರೆ ಇರುವುದೂ ಕೈಬಿಟ್ಟುಹೋಗಬಹುದು. ತಪ್ಪು ಉತ್ತರ ಬರೆದ ಮಗುವನ್ನು ನಾನು ಎಂದೂ ದಂಡಿಸಿದವನಲ್ಲ. ಸರಿ ಉತ್ತರವನ್ನು ಅಡ್ಡದಾರಿಯಲ್ಲಿ ತಂದವನನ್ನು ಎಂದೂ ಬಿಟ್ಟವನಲ್ಲ. ಆದರೆ ಪರೀಕ್ಷೆ ನಡೆಯುತ್ತಿರುವಾಗ ಮೇಷ್ಟರು ಉತ್ತರ ಹೇಳಿಕೊಡುವಂತಿಲ್ಲ.

ಇಂದುಧರ ಗುಡಿಯ ಹೊರಗೋಡೆಯ ನೆರಳಿನಲ್ಲಿ ನಿಂತಿದ್ದರು. ಅತಿಥಿಗಳು ಗೈಡಿನೊಡನೆ ಒಳಗೆ ಹೋಗಿದ್ದರು. ಕೆಟ್ಟ ಮನುಷ್ಯರಲ್ಲ, ಕೋಮಲವಲ್ಲಿಯ ಗಂಟನ್ನು ತೆಗೆದ ಕೈ ಅವರದೇ. ನನ್ನನ್ನು ಕಂಡು "ಯೋಗನರಸಿಂಹಯ್ಯನವರೇ, ನಿಮ್ಮ ಮನೆಯವರು ಚರಿತ್ರೆ ನಿರ್ಮಿಸಿದ್ದಾರೆ!" ಎಂದು ಕೈ ಕುಲುಕಿದರು. ಪುಟ್ಟಲಕ್ಷ್ಮಮ್ಮನ ಕಡೆ ನೋಡಿ "ಏನಮ್ಮಾ ಕಳ್ಳೀ" ಎಂದು ನಕ್ಕರು.

"ಸರ್," ಎಂದಳು ಶ್ಯಾಮಲಾ, "ಇನ್ನೊಂದು ವಿಷಯ." ಚಲುವಮ್ಮನ ಮಾತು ಹೇಳಿದಳು.

ಇಂದುಧರರ ನಗು ಅರ್ಧಕ್ಕೆ ನಿಂತಿತು. "ಅದು ಯಾರೋ ಹೇಳಿದ ಮಾತು. ಆಕೇನ ಕೇಳೋ ಅಗತ್ಯ ಇಲ್ಲ. ಈ ಇಬ್ಬರದು ಸರಿ ಮಾಡು, ಸಾಕು. ಅದರಲ್ಲಿ ಸುಳ್ಳೇನಿದೆ? ತಿಂದವರು ತಿಂದ ಸಾಲಿಗೆ, ತಿನ್ನದವರು ತಿನ್ನದ ಸಾಲಿಗೆ. ಸತ್ಯಾನೇ ತಾನೇ?"

ಆ ಮಾತಿನ ನಯ ನೋಡಿ! ಒಂದೊಂದು ಪದವೂ ನಿಜ, ಒಟ್ಟು ವಾಕ್ಯ ಮಾತ್ರ ಸುಳ್ಳು. ನನಗೆ ತಡೆಯಲಾಗಲಿಲ್ಲ.

"ಡಾಕ್ಟರೇ, ನಪಾಸಾದ ಹುಡುಗರು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದನ್ನು ನೋಡಿದ್ದೇನೆ. ಪಾಸಾದವನು ಬಂದು, ಸ್ವಾಮೀ, ನನಗೆ ಹೆಚ್ಚು ಅಂಕ ಬಿದ್ದಿದೆಯೇನೋ ನೋಡಿ ಎಂದು ಕೇಳಿದ್ದನ್ನು ಕಂಡಿಲ್ಲ. ವಿಜ್ಞಾನವೂ ಹಾಗೇ ಆದರೆ ಹೇಗೆ? ನಿಮಗೆ ಇಷ್ಟವಾಗದ ಗಾಜುಗಳನ್ನು ಮಾತ್ರ ಬಾಗಿಲು ತಟ್ಟಿ ವಿಚಾರಿಸುತ್ತೀರಿ. ಇಷ್ಟವಾದದ್ದನ್ನು ಮುಟ್ಟುವುದಿಲ್ಲ. ಇದನ್ನು ನಂಬಿ ನಾಳೆ ಯಾರೋ ಹೆಣ್ಣುಮಗಳು ಶಸ್ತ್ರಚಿಕಿತ್ಸೆ ಬಿಟ್ಟು ಸಕ್ಕರೆ ಮಾತ್ರೆ ನುಂಗುತ್ತಾ ಕೂತರೆ, ಆ ಸಾವು ಯಾರ ಸಾಲಿಗೆ?"

ಪ್ರವಾಸಿಗಳು ಒಬ್ಬಿಬ್ಬರು ತಿರುಗಿ ನೋಡಿದರು. ಇಂದುಧರ ಶ್ಯಾಮಲಾಳ ಕಡೆ ತಿರುಗಿದರು. "ಮೇಷ್ಟ್ರು ಮೇಷ್ಟ್ರ ಮಾತು ಹೇಳ್ತಾರೆ. ನಿನ್ನ ಪಿಎಚ್‌ಡಿಗೆ ಮಾರ್ಗದರ್ಶಕ ಯಾರು ಅನ್ನೋದು ನೆನಪಿದೆಯಲ್ಲ?"

"ಇದೆ ಸರ್. ಅದಕ್ಕೇ ಮೊದಲು ನಿಮ್ಮ ಹತ್ರಾನೇ ಓಡಿ ಬಂದೆ." ಅವಳು ಲೆಕ್ಕದ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. "ಹೆಸರು ಬದಲಾಯಿಸಲ್ಲ ಸರ್. ಚೀಟೀಲಿ ಬಂದ ಸಾಲಿನಲ್ಲೇ ಎಲ್ಲರೂ ಇರ್ತಾರೆ. ಎಲ್ಲರನ್ನೂ ಕೇಳ್ತೀನಿ, ತಿಂದ್ರಾ, ಬಿಟ್ರಾ, ಯಾರಿಗೆ ಕೊಟ್ರಿ ಅಂತ. ಬಂದದ್ದನ್ನ ಬಂದ ಹಾಗೇ ಬರೀತೀನಿ, ಈ ಬಾಗಿನದ ಕಥೇನೂ ಸೇರಿಸಿ. ನಾಳೆ ದೆಹಲೀಲಿ ಬೇಕಾದ್ರೆ ಇನ್ನೂ ವಿಚಾರಿಸ್ತಿದ್ದೀವಿ ಅನ್ನಿ."

"ಎಲ್ಲ ಬಿದ್ದುಹೋದ್ರೆ?"

"ಬಿದ್ದುಹೋಗೋದಾದ್ರೆ ಈಗ್ಲೇ ಬೀಳ್ಲಿ ಸರ್. ಯಾವಳೋ ಹೆಂಗಸಿನ ಮೇಲೆ ಬೀಳೋದು ಬೇಡ."

ಇಂದುಧರ ಗೋಡೆಯ ಕಡೆ ಮುಖ ಮಾಡಿದರು. ಅವರ ಕಣ್ಣಿನ ನೇರಕ್ಕೆ ಅರ್ಧ ಕೆತ್ತಿ ಬಿಟ್ಟ ಒಂದು ಕಲ್ಲಿತ್ತು. ಆ ಗೋಡೆಯಲ್ಲಿ ಅಂಥವು ಅಲ್ಲಲ್ಲಿ ಇವೆ. ಪ್ರವಾಸದಲ್ಲಿ ಮಕ್ಕಳಿಗೆ ನಾನು ತಪ್ಪದೆ ತೋರಿಸುತ್ತಿದ್ದೆ. ಮುಗಿಯದ ಕಡೆ ಗಾರೆ ಮೆತ್ತಿ ಮುಗಿದಂತೆ ಕಾಣಿಸುವ ಹುನ್ನಾರ ಆ ಶಿಲ್ಪಿಗಳಿಗೆ ತಿಳಿದಿರಲಿಲ್ಲ.

ಕೊನೆಗೆ ಅವರು ತಿರುಗಿದ್ದು ಪುಟ್ಟಲಕ್ಷ್ಮಮ್ಮನ ಕಡೆಗೆ. "ಏನಮ್ಮಾ, ಎಲ್ಲರನ್ನೂ ಕೇಳಿದ್ರೆ ನಿಜ ಹೇಳ್ತಾರಾ?"

"ನಿಮ್ಗೆ ಹೇಳಾಕಿಲ್ಲ" ಎಂದಳು ಆಕೆ. "ಡಾಕ್ಟ್ರು ಬೈತಾರೆ ಅಂತ ನುಂಗ್ದೆ ಅಂತ್ಲೇ ಅಂತಾರೆ. ನಂಗೆ ಹೇಳ್ತಾರೆ. ನಾನೇ ಕಳ್ಳಿ ಅಲ್ವಾ?"

ಇಂದುಧರ ಜೋರಾಗಿ ನಕ್ಕುಬಿಟ್ಟರು, ತಮ್ಮನ್ನು ತಾವೇ ಬಿಡಿಸಿಕೊಂಡವರ ಹಾಗೆ. "ಸರಿ. ನಾಳೆ ನಾನು ಕೋಷ್ಟಕ ತೋರಿಸಲ್ಲ. ಇವರನ್ನ ಜೊತೆಗೆ ಕರ್ಕೊಂಡು ಕೇಳು ಶ್ಯಾಮಲಾ. ಬೈಯೋದು ಬೇಡ, ಬರೀ ಕೇಳು."

ಗುಡಿಯ ಮುಂದಿನ ಹುಲ್ಲಿನ ಮೇಲೆ ಕುಳಿತೇ ಮೊದಲ ಫೋನು ಹೋಯಿತು. "ಏ ಚಲುವೀ, ನಾನ್ ಕಣೇ ಬಾಣಾವರದ ಪುಟ್ಟಿ. ಒಂದ್ ಮಾತು ನಿಜ ಹೇಳು, ಯಾರೂ ನಿನ್ನ ಗಲ್ಲಿಗಾಕಾಕಿಲ್ಲ" ಎಂದು ಆರಂಭವಾದ ಮಾತು ಸೊಸೆ, ಎಮ್ಮೆ, ತೋಳಿನ ಬಾವು ಎಲ್ಲವನ್ನೂ ಸುತ್ತಿ ಬಂತು. ಫೋನಿಟ್ಟು ಅವಳು ತಲೆಯಾಡಿಸಿದಳು. ಚಲುವಮ್ಮ ನುಂಗಿರಲಿಲ್ಲ. ಶ್ಯಾಮಲಾ ಅದನ್ನು ಬರೆದುಕೊಂಡು, "ಮುಂದಿನೋರು" ಎಂದಳು.

ಸಂಕ್ರಾಂತಿಯ ಹೊತ್ತಿಗೆ ವಿಚಾರಣೆ ಮುಗಿಯಿತು. ಒಬ್ಬಾಕೆ ಮಾತ್ರೆಯನ್ನು ಸಕ್ಕರೆ ಕಾಯಿಲೆಯ ಮಾವನಿಗೆ ಕೊಟ್ಟಿದ್ದಳು. ಇನ್ನೊಬ್ಬಾಕೆ ವಾರದ ಉಪವಾಸಗಳಲ್ಲಿ ಬಿಟ್ಟಿದ್ದಳು. ಹೆಚ್ಚಿನವರು ಚಾಚೂತಪ್ಪದೆ ನುಂಗಿದ್ದರು. ಹಬ್ಬದ ಬೆಳಿಗ್ಗೆ ಶ್ಯಾಮಲಾಳ ಫೋನು ಬಂದಾಗ ಅವಳ ದನಿಯಲ್ಲಿ ಮತ್ತೆ ಅದೇ ಗೇಟು ಬಡಿದ ಸದ್ದಿತ್ತು.

"ಸರ್! ಚೀಟಿ ಪ್ರಕಾರ ಲೆಕ್ಕ ಹಾಕಿದ್ರೆ ವ್ಯತ್ಯಾಸ ತುಂಬ ಚಿಕ್ಕದಾಗಿದೆ. ಸಾಬೀತಾಯ್ತು ಅನ್ನೋಕೆ ಸಾಲದು. ಆದ್ರೆ ಪೂರ್ತಿ ಹೋಗಿಲ್ಲ ಸರ್, ಹೋಗಿಲ್ಲ! ನಿಜವಾಗ್ಲೂ ತಿಂದೋರನ್ನ ಬೇರೆಯಾಗಿ ನೋಡಿದ್ರೆ ಸೈನ್ಯ ಒಳಗೆ ನುಗ್ಗಿರೋದು ಹೆಚ್ಚು ಸಲ ಕಾಣ್ತಿದೆ. ಏನೋ ಇದೆ ಅಲ್ಲಿ. ಎಲ್ಲಾನೂ ಹಾಗ್ಹಾಗೇ ಬರೆದಿದ್ದೀವಿ. ಇಂದುಧರ ಸರ್ ದೊಡ್ಡ ಅಧ್ಯಯನಕ್ಕೆ ಅರ್ಜಿ ಹಾಕ್ತಿದ್ದಾರೆ. ಈ ಸಲ ಎಲ್ಲರಿಗೂ ನೋಡೋಕೆ ಒಂದೇ ಥರದ ಮಾತ್ರೆ. ಅರ್ಧದಷ್ಟರಲ್ಲಿ ಔಷಧಿ ಇರತ್ತೆ, ಅರ್ಧದಲ್ಲಿ ಇರಲ್ಲ. ಯಾವುದು ಯಾರಿಗೆ ಅಂತ ಅವರಿಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ!"

ಆ ಹೊತ್ತಿಗೆ ಪುಟ್ಟಲಕ್ಷ್ಮಮ್ಮ ಎಳ್ಳು ಬೀರಲು ನಮ್ಮ ಮನೆಯಲ್ಲೇ ಇದ್ದಳು. ಕೋಮಲವಲ್ಲಿಯ ತಲೆಯ ಮೇಲೆ ಹೊಸ ಕೂದಲು ಹುಲ್ಲಿನಂತೆ ಚಿಗುರುತ್ತಿತ್ತು; ಪುಟ್ಟಲಕ್ಷ್ಮಮ್ಮ ಅದನ್ನು ಸವರಿ ಸವರಿ ನೋಡುತ್ತಿದ್ದಳು. ನಾನು ಶ್ಯಾಮಲಾ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ.

"ಅಂಗೆ ಮಾಡ್ಲಿ" ಎಂದಳು ಪುಟ್ಟಲಕ್ಷ್ಮಮ್ಮ. "ಪಂಕ್ತೀಲಿ ಎಲ್ರಿಗೂ ಎಲೆ ಬಿತ್ತಲ್ಲ, ಇನ್ನ ಯಾರೂ ಯಾರ್ಗೂ ಕೊಡಾಕೋಗಲ್ಲ. ಅದ್ಸರಿ ಮೇಷ್ಟ್ರೇ, ಈಗ ಆ ಮಾತ್ರೆ ಕೆಲ್ಸ ಮಾಡ್ತದೋ ಇಲ್ವೋ?"

"ಇನ್ನೂ ಗೊತ್ತಿಲ್ಲ ತಾಯಿ. ಗೊತ್ತಿಲ್ಲ ಎಂಬುದು ಈಗ ಸರಿಯಾಗಿ ಗೊತ್ತಾಗಿದೆ."

ಅವಳು ಕಾಯಿ ಹಿಡಿದವರ ಹಾಗೆ ಕೈಯನ್ನು ಕಿವಿಯ ಬಳಿ ಅಲ್ಲಾಡಿಸಿದಳು. "ಅಂದ್ರೆ ಅಲ್ಲಾಡ್ಸಿದ್ರೆ ನೀರಿನ್ನೂ ಕುಲುಕ್ತೈತೆ ಅನ್ನಿ. ಒಳಗೆ ಕಾಯಂತೂ ಐತೆ. ಇನ್ನೊಂದಷ್ಟು ದಿನ ಅಟ್ಟದ ಮ್ಯಾಲಿರ್ಲಿ ಬುಡಿ."

ಅವಳು ಕೊಟ್ಟ ಎಳ್ಳಿನ ಪೊಟ್ಟಣವನ್ನು ಕೋಮಲವಲ್ಲಿ ಒಳಗೆ ಒಯ್ಯುವ ಮೊದಲು ನಾನು ಕೈ ಚಾಚಿ ತೆಗೆದುಕೊಂಡೆ. ಇಬ್ಬರ ಕಣ್ಣೆದುರಿಗೇ ಬಿಚ್ಚಿ, ತಟ್ಟೆಗೆ ಸುರಿದು, ಬೆರಳಾಡಿಸಿ ನೋಡಿದೆ. ಎಳ್ಳು, ಬೆಲ್ಲ, ಕಡಲೆಬೀಜ, ಹುರಿಗಡಲೆ, ಜವರಣ್ಣನ ಅಟ್ಟದ ಕೊಬ್ಬರಿಯ ಚೂರು.

ಹೆಂಗಸರಿಬ್ಬರೂ ನಗುತ್ತಿದ್ದರು. ನಗಲಿ. ನಾನು ಇನ್ನೊಮ್ಮೆ ಬೆರಳಾಡಿಸಿದೆ.